ಖಾಲಿ ಮರಗಳನ್ನೇ ಕಡಿದವನು

ಶಿಷ್ಯ ಮುದ್ದಯ್ಯ ಕೇಳಿದ: “ಗುರುಗಳೇ, ಕೈಯಾರೆ ಒಂದು ಜೀವವನ್ನೂ ಕೊಲ್ಲೆನೆಂದು ವ್ರತ ಹಿಡಿದು ಹನ್ನೆರಡು ವರ್ಷವಾಯಿತು. ಇರುವೆ ಸಾಲು ಕಂಡರೂ ಸುತ್ತಿಕೊಂಡು ನಡೆಯುತ್ತೇನೆ. ಇನ್ನು ನನಗೆ ಯಾವ ಪಾಪದ ಭಯ?”

ಗುರುಗಳು ಒಂದು ಕಥೆ ಹೇಳತೊಡಗಿದರು.

ಘಟ್ಟದ ಕಾಡಿನ ಅಂಚಿನಲ್ಲಿ ಒಬ್ಬ ಮರ ಕಡಿಯುವವನಿದ್ದ. ದೈವಕ್ಕೆ ಅಂಜುವವನು. ಅವನ ಮನೆತನಕ್ಕೆ ಒಂದು ಕಟ್ಟಳೆಯಿತ್ತು. ಮರಕ್ಕೆ ಪೆಟ್ಟು ಹಾಕುವ ಮುನ್ನ ಕೊಡಲಿಯ ಹಿಂಬದಿಯಿಂದ ಬುಡವನ್ನು ಮೂರು ಸಲ ತಟ್ಟಬೇಕು. ‘ಇದ್ದವರು ಎದ್ದು ಹೋಗಿ’ ಎನ್ನಬೇಕು. ಕೊಂಬೆಯ ಮೇಲೆ ಒಂದು ಜೀವವಿದ್ದರೂ ಆ ಮರವನ್ನು ಕಡಿಯಬಾರದು. ಕಡಿದರೆ ಮನೆಯ ತೊಟ್ಟಿಲು ಬರಿದಾಗುತ್ತದೆಂದು ಅವನ ಅಪ್ಪ ಸಾಯುವಾಗ ಹೇಳಿದ್ದ. ಅವನ ಮನೆಯಲ್ಲಿ ಮೂರು ತಿಂಗಳ ಹೆಣ್ಣು ಕೂಸಿತ್ತು.

ಬಂದರಿನ ವರ್ತಕನೊಬ್ಬ ಹಡಗು ಕಟ್ಟಿಸಲು ಒಂದು ಇಳಿಜಾರಿನ ಮರಗಳನ್ನೆಲ್ಲ ಕಡಿಯಹೇಳಿದ. ಮೊದಲ ದಿನ ತಾನೇ ಬಂದು ನಿಂತು ನೋಡಿದ.

“ಕದ ತಟ್ಟಿ ಕೇಳ್ತೀಯಲ್ಲೋ, ಒಳಗಿನಿಂದ ಯಾರಾದರೂ ‘ಬನ್ನಿ’ ಅಂದಾರೇ?”

“ನಗಬೇಡಿ ಧಣಿ, ಮನೆಯಲ್ಲಿ ಕೂಸಿದೆ.”

ಆ ಇಳಿಜಾರಿನಲ್ಲಿ ಸಿಂಗಳೀಕ ಕೋತಿಗಳಿದ್ದವು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಇಡೀ ಘಟ್ಟದಲ್ಲಿ ಉಳಿದದ್ದು ಆ ಒಂದು ಹಿಂಡು. ಅವನು ಬುಡ ತಟ್ಟುತ್ತಿದ್ದ; ಅವು ಪಕ್ಕದ ಮರಕ್ಕೆ ಹಾರುತ್ತಿದ್ದವು. ಅಪ್ಪಣೆಯಾಯಿತೆಂದು ಅವನು ಕೈಮುಗಿದು ಖಾಲಿ ಮರವನ್ನು ಕಡಿಯುತ್ತಿದ್ದ. ಎರಡು ತಿಂಗಳು ಹೀಗೇ ನಡೆಯಿತು.

ಒಂದು ದಿನ ಜೇನು ತೆಗೆಯುವ ಮುದುಕಿಯೊಬ್ಬಳು ಆ ದಾರಿಯಲ್ಲಿ ಹೋಗುತ್ತ ನಿಂತಳು.

“ಇವುಗಳನ್ನ ಎಲ್ಲಿಗೆ ಹೊಡಕೊಂಡು ಹೊರಟೆ, ಮಗಾ?”

“ಹೊಡೆಯೋದುಂಟೇ ಅಜ್ಜಿ! ಒಂದು ಕಲ್ಲು ಎಸೆದವನಲ್ಲ ನಾನು. ಅವೇ ಎದ್ದು ಜಾಗ ಬಿಡ್ತವೆ. ನಿನ್ನ ಸೊಸೆಗಿಂತ ಒಳ್ಳೆಯವು.”

“ನನ್ನ ಸೊಸೆಗೆ ತವರಿದೆ, ಹೋಗ್ತಾಳೆ. ಇವಕ್ಕೆಲ್ಲಿದೆ? ಕೊಂಬೆಯಿಂದ ಕೊಂಬೆಗೆ ಹೋಗೋ ಜಾತಿ ಇದು. ನೆಲ ಅಂದರೆ ಇವಕ್ಕೆ ನಡುನೀರು. ಒಂದು ಸಲ ಸುತ್ತ ನೋಡು, ದಡ ಎಲ್ಲಿದೆ ಅಂತ.”

ಅಷ್ಟು ದಿನವೂ ಅವನು ತಾನು ಕಡಿಯುವ ಮರವನ್ನಷ್ಟೇ ನೋಡಿದ್ದ. ಈಗ ಸುತ್ತ ನೋಡಿದ. ಬೋಳು ಇಳಿಜಾರಿನ ನಡುವೆ ಒಂದೇ ಒಂದು ಅತ್ತಿಮರ ನಿಂತಿತ್ತು. ಹಡಗಿಗೆ ಬಾರದ ಮರವೆಂದು ಅದೊಂದು ಉಳಿದಿತ್ತು. ಇಡೀ ಹಿಂಡು ಅದರ ಮೇಲಿತ್ತು. ಕಾಡು ಮುನ್ನೂರು ಹೆಜ್ಜೆ ದೂರ. ಹದಿನೇಳು ಮುಖಗಳು ಅವನನ್ನೇ ನೋಡುತ್ತಿದ್ದವು. ಒಂದೂ ಕೂಗಲಿಲ್ಲ.

ಅವನ ಕೈಯಿಂದ ಕೊಡಲಿ ಜಾರಿತು.

ಅವನು ಬುಡದಿಂದ ಕಾಡಿನವರೆಗೆ ಹಲಸಿನ ತೊಳೆಗಳನ್ನು ಇಟ್ಟುಕೊಂಡು ಹೋಗಿ ದೂರದಲ್ಲಿ ಅಡಗಿ ಕುಳಿತ. ಎದೆಗೆ ಮರಿಯನ್ನು ಅವುಚಿಕೊಂಡ ತಾಯಿಯೊಂದು ಅರ್ಧ ಮರದವರೆಗೆ ಇಳಿಯಿತು. ಊರ ನಾಯಿ ಬೊಗಳಿತು. ತಾಯಿ ಮೇಲೇರಿತು, ಮತ್ತೆ ಇಳಿಯಲಿಲ್ಲ. ಹಣ್ಣಿನ ಬುಟ್ಟಿಯನ್ನು ಕೊಂಬೆಗೆ ಕಟ್ಟೋಣವೆಂದು ಅವನೇ ಮರ ಹತ್ತಿದ. ಅವನು ಏರಿದಷ್ಟೂ ಅವು ತುದಿಗೆ ಸರಿದವು. ತುದಿಯ ಕೊಂಬೆ ಬಾಗಿ ಲಟಕ್ಕೆಂದಿತು. ಅವನು ಉಸಿರು ಬಿಗಿಹಿಡಿದು ಇಳಿದುಬಂದ. ಕಾಡಿನವರೆಗೆ ಹಗ್ಗ ಎಳೆಯಲು ಹೋದ. ಹಗ್ಗಕ್ಕೆ ಆಸರೆ ಕೊಡಲು ನಡುವೆ ಒಂದು ಮರವೂ ಇರಲಿಲ್ಲ. ಕೊನೆಗೆ ಸಸಿಗಳನ್ನು ತಂದು ಸಾಲಾಗಿ ನೆಟ್ಟ. ಅವು ಅವನ ಮೊಣಕಾಲಿನಷ್ಟು ಎತ್ತರವಿದ್ದವು.

ಅತ್ತಿಯ ಹಣ್ಣು ಮುಗಿಯಿತು. ಆಮೇಲೆ ಕಾಯಿ ಮುಗಿಯಿತು. ಆಮೇಲೆ ಎಲೆ.

ಪ್ರತಿ ಸಂಜೆ ಅವನು ಮನೆಗೆ ಓಡಿಬಂದು ತೊಟ್ಟಿಲಿಗೆ ಕೈಹಾಕಿ ನೋಡುತ್ತಿದ್ದ. ಕೂಸು ಬೆಚ್ಚಗೆ ಮಲಗಿರುತ್ತಿತ್ತು. ಅದರ ಉಸಿರು ಅಂಗೈಗೆ ತಾಗಿದಾಗ ಅವನ ಭಯ ಇಳಿಯುತ್ತಿರಲಿಲ್ಲ, ಏರುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುದ್ದಯ್ಯ ಮೆಲ್ಲನೆ ಕೇಳಿದ:

“ಆ ಅತ್ತಿಮರವನ್ನು ಅವನು ಕಡಿಯಲಿಲ್ಲ ತಾನೇ, ಗುರುಗಳೇ?”

ಗುರುಗಳೆಂದರು: “ಇಲ್ಲಪ್ಪ, ಖಾಲಿಯಾದ ಮೇಲೂ ಕಡಿಯಲಿಲ್ಲ.”