ರಾಯರ ಮಗ ಕಟ್ಟಿದ ಸೇತುವೆ

ಮೂರನೇ ಕ್ಲಾಸಿನ ಮಕ್ಕಳಿಗೆ ಮನೆಯಲ್ಲಿ ರಟ್ಟಿನ ಸೇತುವೆ ಮಾಡಿಕೊಂಡು ಬರಲು ಹೇಳಿದ್ದರು. ಹೇಮಾವತಿ ತಾನೇ ಮಾಡಿಬಿಡಲು ಕೈ ಚಡಪಡಿಸಿದರೂ ತಡೆದುಕೊಂಡು, ಎಲ್ಲವನ್ನೂ ಮಗಳ ಕೈಯಿಂದಲೇ ಮಾಡಿಸಿದಳು. ಸೇತುವೆ ಸೊಟ್ಟಗಾಯಿತು.

ಪೋಷಕರ ಸಭೆಯಲ್ಲಿ ಟೀಚರ್ ಅದನ್ನು ಎಲ್ಲರೆದುರು ಎತ್ತಿ ಹಿಡಿದರು.

"ಏನಮ್ಮ ಇದು? ನೀವು ಮಗಳ ಕಡೆ ಗಮನವೇ ಕೊಡಲ್ವಾ? ಇಂಜಿನಿಯರ್ ರಾಯರ ಮಗನದು ನೋಡಿ. ಪೂರ್ತಿ ಅವನೇ ಮಾಡಿದ್ದಂತೆ!"

ಹೇಮಾವತಿ ಮಗಳ ಸೊಟ್ಟ ಸೇತುವೆಯತ್ತ ನೋಡಿದಳು. ತಾನೂ ಒಂದಿಷ್ಟು ಕೈ ಹಾಕಬೇಕಿತ್ತೇನೋ! ಆದರೂ ಎದ್ದು ಹೋಗಿ, ರಾಯರ ಮಗನ ಸೇತುವೆಯನ್ನು ಬಗ್ಗಿ ನೋಡಿದಳು.

"ಬಹಳ ಚೆನ್ನಾಗಿದೆ ಮಿಸ್. ಎಡಗಡೆ ಕಂಬ ಮಾತ್ರ ಒಂಚೂರು ವಾಲಿದೆ, ಅಲ್ವಾ?"

ಮುಂದಿನ ಸಾಲಿನಲ್ಲಿದ್ದ ರಾಯರು ದಡಕ್ಕನೆ ಎದ್ದರು. "ಸಾಧ್ಯವೇ ಇಲ್ಲ! ನಾನೇ ಮಟ್ಟ ನೋಡಿ ನಿಲ್ಲಿಸಿದ್ದೀನಿ!"

ಸಭೆಯೆಲ್ಲ ಗೊಳ್ಳೆಂದಿತು. ಟೀಚರಿಗೂ ನಗು ತಡೆಯಲಾಗಲಿಲ್ಲ. ರಾಯರು ಮಾತ್ರ ಒಂದು ಕಣ್ಣು ಮುಚ್ಚಿಕೊಂಡು ಆ ಕಂಬವನ್ನೇ ನೋಡುತ್ತಿದ್ದರು.