ಐದನೆಯ ಇಲಿಯ ಹೃದಯ

ಊರ ಹೊರಗಿನ ಒಂದು ಪ್ರಯೋಗಾಲಯದಲ್ಲಿ ಅಂಬುಜಾ ಎಂಬ ಹಿರಿಯ ವಿಜ್ಞಾನಿ ಇದ್ದರು. ಅಲ್ಟ್ರಾಸೌಂಡಿನಲ್ಲಿ ಇಲಿಗಳ ಹೃದಯ ನೋಡುವುದರಲ್ಲಿ ಪಳಗಿದ ಕೈ ಅವರದು. ಹನೀಫ್ ಅವರ ಬಳಿ ಆ ವಿದ್ಯೆ ಕಲಿಯುತ್ತಿದ್ದ.

ಕ್ಷಯರೋಗಕ್ಕೆಂದು ಹುಡುಕಿದ ಹೊಸ ಔಷಧವೊಂದನ್ನು ಎಂಟು ಇಲಿಗಳಿಗೆ ಎರಡು ತಿಂಗಳು ಕೊಟ್ಟಿದ್ದರು. ಅದರಿಂದ ಹೃದಯಕ್ಕೆ ಕೆಡುಕಾಗಿದೆಯೇ ಎಂದು ಹನೀಫ್ ನೋಡಬೇಕಿತ್ತು.

ಒಂದು ಬೆಳಿಗ್ಗೆ ಅವನು ಮುಖ ಬಾಡಿಸಿಕೊಂಡು ಬಂದ.

“ಮೇಡಂ, ಏಳು ಇಲಿ ನೋಡಿದೆ. ಏಳರ ಹೃದಯವೂ ಸೋತುಹೋಗಿದೆ. ಔಷಧ ಕೈಬಿಡಬೇಕು ಅಂತ ಬರೆಯಲಾ?”

“ಇನ್ನೊಂದು?”

“ಮಲಗಿಸಿದ್ದೀನಿ.”

ಅಂಬುಜಾ ಎದ್ದು ಅವನ ಜೊತೆ ಹೋದರು.

ಎದೆಯ ಕೂದಲು ತೆಗೆದಿದ್ದ ಇಲಿ ತಟ್ಟೆಯ ಮೇಲೆ ಅಂಗಾತ ಮಲಗಿತ್ತು. ಮೂತಿಗೆ ಅರಿವಳಿಕೆಯ ಕೊಳವೆ. ಪರದೆಯ ಮೇಲೆ ನಿಮಿಷಕ್ಕೆ ಇನ್ನೂರ ತೊಂಬತ್ತು ಬಡಿತ, ಇಲಿಯ ಹೃದಯಕ್ಕೆ ತೀರ ಕಡಿಮೆ.

“ಗ್ಯಾಸ್ ಎಷ್ಟು ಬಿಟ್ಟಿದ್ದೀಯ?”

“ಸ್ವಲ್ಪ ಜಾಸ್ತಿನೇ ಮೇಡಂ. ಕಡಿಮೆ ಮಾಡಿದರೆ ಅಲುಗಾಡುತ್ತೆ, ಚಿತ್ರ ಸರಿಯಾಗಿ ಬರಲ್ಲ.”

ಅವರು ತಟ್ಟೆ ಮುಟ್ಟಿ ನೋಡಿದರು. ತಣ್ಣಗಿತ್ತು. ಅದನ್ನು ಬಿಸಿ ಮಾಡುವ ಸ್ವಿಚ್ ಹಾಕಿದರು. ಗ್ಯಾಸ್ ಇಳಿಸಿದರು. ಎದೆಗೆ ಹಚ್ಚುವ ಜೆಲ್‌ನ ಟ್ಯೂಬನ್ನು ಎರಡೂ ಅಂಗೈ ನಡುವೆ ಹಿಡಿದು ಬೆಚ್ಚಗೆ ಮಾಡುತ್ತ ನಿಂತರು.

“ಈಗ ನಾನೇನು ಮಾಡಲಿ ಮೇಡಂ?”

“ಕಾಯಿ.”

ಮುನ್ನೂರ ಐವತ್ತು. ನಾನೂರ ಇಪ್ಪತ್ತು. ಐನೂರು ದಾಟಿದ ಮೇಲೆ ಅವರು ಅಲ್ಟ್ರಾಸೌಂಡಿನ ಪ್ರೋಬನ್ನು ಹಗುರವಾಗಿ ಎದೆಗೆ ತಾಗಿಸಿದರು. ಪರದೆಯ ಮೇಲೆ ಪುಟ್ಟ ಹೃದಯ ಬಿಗಿಯಾಗಿ ಮುದುಡಿ, ತೆರೆದು, ಮತ್ತೆ ಮುದುಡಿತು. ಅದರಲ್ಲಿ ಯಾವ ಸೋಲೂ ಇರಲಿಲ್ಲ.

ಹನೀಫ್ ಪರದೆಯ ಹತ್ತಿರಕ್ಕೆ ಬಾಗಿದ.

“ಹಾಗಾದರೆ ಇಷ್ಟು ಹೊತ್ತು ನಾನು ನೋಡಿದ್ದೇನು?”

“ಹೃದಯವನ್ನೇ. ಗ್ಯಾಸು, ಚಳಿ ಎರಡೂ ಕೊಟ್ಟು ನೀನು ಸುಸ್ತು ಮಾಡಿದ ಹೃದಯವನ್ನು.”

ಇಲಿಗಳಿಗೆ ಮೂರು ದಿನ ಬಿಡುವು ಕೊಟ್ಟರು. ನಾಲ್ಕನೆಯ ದಿನ ಹನೀಫ್ ಒಬ್ಬನೇ ಕೂತು ಎಲ್ಲವನ್ನೂ ಮೊದಲಿಂದ ನೋಡಿದ. ಪ್ರತಿಯೊಂದಕ್ಕೂ ತಟ್ಟೆ ಬೆಚ್ಚಗೆ ಮಾಡಿದ, ಬಡಿತ ಏರುವವರೆಗೆ ಕಾದ. ಮೊದಲ ನಾಲ್ಕೂ ಚೆನ್ನಾಗಿದ್ದವು. ಅವನ ಮನಸ್ಸು ಹಗುರಾಯಿತು. ಐದನೆಯದರ ಮುಂದೆ ಅವನ ಕೈ ನಿಂತಿತು. ಉಳಿದ ಮೂರನ್ನೂ ಮುಗಿಸಿ ಅವನು ಅಂಬುಜಾ ಅವರ ಕೋಣೆಗೆ ಬಂದ.

“ಏಳು ಇಲಿ ಚೆನ್ನಾಗಿವೆ ಮೇಡಂ. ಐದನೆಯದರ ಹೃದಯದಲ್ಲಿ ಬಲ ಇಲ್ಲ.”

“ಮೈ ಬೆಚ್ಚಗಿತ್ತಾ?”

“ಇತ್ತು.”

“ಬಡಿತ?”

“ಐನೂರ ಹತ್ತು.”

“ಅದನ್ನ ಬರೆದುಕೊಂಡೆಯಾ?”

ಹನೀಫ್ ತಲೆ ತಗ್ಗಿಸಿದ.

“ಇಲ್ಲ, ಉಳಿದ ಏಳನ್ನ ಬರೆದೆ. ಆವತ್ತಿನ ಹಾಗೆ ನಾನೇ ಎಲ್ಲೋ ತಪ್ಪು ಮಾಡಿರಬೇಕು. ಅದೊಂದನ್ನ ಮತ್ತೆ ನೋಡಿ ಆಮೇಲೆ ಬರೀತೀನಿ.”

ಅಂಬುಜಾ ಕನ್ನಡಕ ತೆಗೆದು ಅವನನ್ನೇ ನೋಡಿದರು.

“ಅದೇ ಥರ ನೋಡಿದ ಉಳಿದ ಏಳನ್ನೂ ಮತ್ತೆ ನೋಡಬೇಕು ಅಂತ ನಿನಗೆ ಯಾಕೆ ಅನ್ನಿಸಲಿಲ್ಲ ಹನೀಫ್?”