ಗುರಸಿದ್ದ ಮೆಟ್ಟಿಲು ತೆಗೆದದ್ದು

ಕೇಳ್ರಿ, ನೀಲವ್ವಗ ಒಬ್ಬನೇ ಮಗ, ಗುರಸಿದ್ದ. ಆಳು ಎತ್ತರ, ಮನಸ್ಸು ಬೆಣ್ಣಿ, ತಲೆ ಮಾತ್ರ ಖಾಲಿ ಕೊಡ. "ಬಾಗಿಲು ನೋಡ್ಕೋ" ಅಂದ್ರೆ ಬಾಗಿಲನ್ನೇ ನೋಡ್ತಾ ಕೂಡ್ತಿದ್ದ. ಅವನ ಮುಂದೇನೇ ಬೆಕ್ಕು ಹಾದು ಹೋಗಿ ಹಾಲು ಕುಡಿದು ಬರ್ತಿತ್ತು. "ಇವಂಗ ಯಾವಾಗ ಬುದ್ಧಿ ಬರ್ತೈತೋ!" ಅಂತ ನೀಲವ್ವ ಹಣೆ ಬಡಕೊಳ್ಳೋಳು.

ನೀಲವ್ವ ಜೋಳದ ರೊಟ್ಟಿ ಮಾಡಿಸಿ ಮಾರೋಳು. ಹಾಸ್ಟೆಲ್ಲಿನವರು ಬಂದು, "ದೊಡ್ಡ ಆರ್ಡರ್ ಕೊಡ್ತೀವಿ. ಆದ್ರೆ ಅಂಗವಿಕಲರೂ ನಿಮ್ಮಲ್ಲಿ ಸರಾಗ ಕೆಲಸ ಮಾಡೋ ಹಂಗಿರಬೇಕು. ಬಂದು ನೋಡ್ತೀವಿ" ಅಂದ್ರು. ನೀಲವ್ವ ಹೂಂ ಅಂದು ಮೂವರನ್ನ ಕೆಲಸಕ್ಕೆ ಕರೆದಳು.

ಮೊದಲು ಗಾಲಿಕುರ್ಚಿಯ ಮೆಹಬೂಬಿ ಬರೋಳಿದ್ಲು. "ಲೇ, ಆಕಿಗೆ ಮೆಟ್ಟಿಲು ಅಡ್ಡಿ ಆಗ್ತಾವ. ತೆಗೆದು ಹಾಕು!"

"ಆತವ್ವಾ!" ಗುರಸಿದ್ದ ಸುತ್ತಿಗೆ ಎತ್ತಿದ. ಮೆಟ್ಟಿಲೆಲ್ಲಾ ಪುಡಿಪುಡಿ! ಬಾಗಿಲು ಎದೆಮಟ್ಟ ಮೇಲೆ ನಿಂತಿತು. ಮೆಹಬೂಬಿ ಕೆಳಗೆ, ರೊಟ್ಟಿ ಬಡಿಯೋ ಹೆಂಗಸರೆಲ್ಲಾ ಕೆಳಗೆ, ನೀಲವ್ವ ಒಬ್ಬಳೇ ಒಳಗೆ ಸಿಕ್ಕಿಬಿದ್ದಳು.

"ಮಬ್ಬ! ಈಗ ಯಾರೂ ಬರಂಗಿಲ್ಲ! ಇಳಿಜಾರು ಮಾಡಬೇಕೋ, ಇಳಿಜಾರು!"

"ಮೊದಲೇ ಹೇಳಬಾರದೇನವ್ವಾ? ಇನ್ನ ಮ್ಯಾಲೆ ಇಳಿಜಾರೇ ಮಾಡ್ತೀನಿ!"

ಗೌಂಡಿ ಬಂದು ಇಳಿಜಾರು ಕಟ್ಟಿಕೊಟ್ಟ. ಮೆಹಬೂಬಿ ಸರ್ರನೆ ಒಳಗೆ ಬಂದಳು.

ಆಮೇಲೆ ಬಂದವಳು ಕಣ್ಣು ಕಾಣದ ಕಸ್ತೂರಿ. ಗುರಸಿದ್ದ ಆಕೆಯ ರೊಟ್ಟಿ ಮಣೆ ಕೆಳಗೆ ಒಂದು ಕಡೆ ಇಟ್ಟಿಗೆ ತುರುಕಿದ. ಒಳ್ಳೇ ಇಳಿಜಾರು! ಹಿಟ್ಟಿನ ಉಂಡೆ ಇಟ್ಟಳು, ಉರುಳಿತು. ಇನ್ನೊಂದು ಇಟ್ಟಳು, ಅದೂ ಉರುಳಿತು. ಕಸ್ತೂರಿ ನೆಲ ತಡವಿ ತಡವಿ ಬೇಸತ್ತಳು.

"ಮಬ್ಬ! ಕಣ್ಣು ಕಾಣದಾಕಿಗೆ ಇಳಿಜಾರು ಯಾಕೋ? ಎಲ್ಲೆಲ್ಲಿ ಏನೈತಿ ಅಂತ ಬಾಯಿಬಿಟ್ಟು ಹೇಳಬೇಕೋ!"

"ಆತವ್ವಾ! ಇನ್ನ ಮ್ಯಾಲೆ ಬಾಯಿಬಿಟ್ಟೇ ಹೇಳ್ತೀನಿ!"

ಮರುದಿನ ಬಂದವಳು ಕಿವಿ ಕೇಳದ ದುರಗವ್ವ. ಗುರಸಿದ್ದ ಆಕೆಯ ಬೆನ್ನ ಹಿಂದೆ ನಿಂತು ಒಂದೇ ಸಮ ಒದರಿದ. "ಹಿಟ್ಟು ಎಡಕ್ಕೈತಿ! ನೀರು ಬಲಕ್ಕೈತಿ! ಹಂಚು ಸುಡಾಕತ್ತೈತಿ, ಮುಟ್ಟಬ್ಯಾಡ!" ದುರಗವ್ವ ಮುಟ್ಟಿದಳು. ಬೆರಳು ಚುರ್ರೆಂದಿತು. ಕಣ್ಣಲ್ಲಿ ನೀರು ತುಂಬಿ, ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ನಡೆದಳು.

ನೀಲವ್ವ ಓಡಿ ಬಂದು ಆಕೆಯನ್ನ ತಡೆದು, ಬೆರಳಿಗೆ ತಣ್ಣೀರು ಹಾಕಿದಳು. ಈ ಸಲ ಬೈಯದೆ ಮಗನನ್ನ ಹತ್ತಿರ ಕೂಡಿಸಿಕೊಂಡಳು. "ಮಗನ, ನಿನ್ನ ತಲ್ಯಾಗ ಬಂದದ್ದು ಮಾಡಬ್ಯಾಡಪಾ. ಅವರಿಗೇನು ಬೇಕೋ ಅವರಿಗೇ ಗೊತ್ತು. ಯಾರನ್ನೂ ಕೇಳದ ಏನೂ ಮಾಡಬ್ಯಾಡ!"

ಗುರಸಿದ್ದನ ಮುಖ ಸಣ್ಣದಾಯಿತು. ದುರಗವ್ವನ ಎದುರು ಕೂತು, ಆಕೆಯ ಸುಟ್ಟ ಬೆರಳಿನ ಕಡೆ ತೋರಿಸಿ ಕೈಮುಗಿದ. ಏನ್ ಮಾಡಲಿ ಅಂತ ಕೈಯಲ್ಲೇ ಕೇಳಿದ. ಆಕೆ ಮೂಗು ಒರೆಸಿಕೊಂಡು ಬಾಗಿಲು ತೋರಿಸಿದಳು, ತನ್ನ ಕಣ್ಣು ತೋರಿಸಿದಳು. ಬರೋರು ಹೋಗೋರು ಕಾಣೋ ಹಂಗೆ ಅವನು ಆಕೆಯ ಮಣೆ ತಿರುಗಿಸಿಟ್ಟ. ಆಕೆ ಚೀಲ ಕೆಳಗಿಟ್ಟಳು.

ಕಸ್ತೂರಿಯನ್ನ ಕೇಳಿದ. "ಇಟ್ಟದ್ದು ಇಟ್ಟಲ್ಲೇ ಇರಲಿ ತಮ್ಮಾ, ಅಷ್ಟು ಸಾಕು." ಮೆಹಬೂಬಿಯನ್ನ ಕೇಳಿದ. "ಒಲಿ ನನ್ನ ಕೈಗೆ ಎಟುಕಂಗ ಆದ್ರ ನೋಡು, ಹೆಂಗ ಬಡೀತೀನಿ!" ಒಲೆ ಆಕೆಯ ಕೈಮಟ್ಟಕ್ಕೆ ಬಂತು. ಟಪಟಪ ಟಪಟಪ ರೊಟ್ಟಿ ಹಂಚಿಗೆ ಬಿದ್ದವು.

ಹಾಸ್ಟೆಲ್ಲಿನವರು ಬಂದು ನೋಡಿದರು, ಬಿಸಿ ರೊಟ್ಟಿ ತಿಂದರು, ಆರ್ಡರ್ ಕೊಟ್ಟು ಹೋದರು. ನೀಲವ್ವ ಮಗನ ಗಲ್ಲ ಹಿಡಿದು, "ಶಾಣ್ಯಾ ಆದಿ ನೋಡ ನನ್ನಪ್ಪ!" ಅಂದಳು. ಎಷ್ಟೋ ದಿನದ ಮೇಲೆ ನಿಶ್ಚಿಂತೆಯಿಂದ ಮಧ್ಯಾಹ್ನ ಚಾಪೆ ಮೇಲೆ ಅಡ್ಡಾದಳು. ಗಾಢ ನಿದ್ದೆ.

ಗುರಸಿದ್ದ ನೋಡಿದ. ಅವ್ವನ ತಲೆ ಚಾಪೆಯಿಂದ ಕಲ್ಲುನೆಲದ ಮೇಲೆ ಜಾರಿತ್ತು. ಅಯ್ಯೋ ಪಾಪ! ದಿಂಬು ತಂದ. ಕೇಳದೆ ಇಡೋದು ಹೇಗೆ? ಭುಜ ಹಿಡಿದು ಗದಗದ ಅಲುಗಾಡಿಸಿದ.

"ಅವ್ವಾ! ಅವ್ವಾ! ಏಳವ್ವಾ! ನಿನ್ನ ನಿದ್ದಿ ಕೆಡದಂಗ ಮೆಲ್ಲಕ ದಿಂಬು ಇಡ್ಲೇನು?"

ನೀಲವ್ವ ಬೆಚ್ಚಿ ಎದ್ದಳು. ಕೈ ಎತ್ತಿದಳು. ಅವನ ಮುಖ ನೋಡಿ ಆ ಕೈಯಲ್ಲೇ ಅವನ ತಲೆ ಸವರಿದಳು. "ಇಡಪಾ, ಇಡು."

ಇಟ್ಟ. ಅವ್ವನ ಕಣ್ಣು ಮತ್ತೆ ಮುಚ್ಚಿ, ಇನ್ನೇನು ಗೊರಕೆ ಬರಬೇಕು.

"ಅವ್ವಾ! ಅವ್ವಾ! ಏಳು! ನಿದ್ದಿ ಹತ್ತಿತೇನು?"